ಉಕ್ತಲೇಖನ ಕೊಡುವಾಗ ಓಡಾಡಬೇಡಿ

ಕಿವಿ ಸರಿಯಾಗಿ ಕೇಳದ ಮಗುವೋ, ಅಕ್ಷರ ಹತ್ತದ ಮಗುವೋ ಸರ್ಕಾರಿ ಶಾಲೆಗೆ ಸೇರಿದರೆ ಸುತ್ತಲಿನವರು ಮೊದಲು ಹೇಳುವ ಮಾತು ಒಂದೇ: "ಇಂಥವರಿಗೇ ಅಂತ ಬೇರೆ ಶಾಲೆ ಇದೆಯಲ್ಲ." ಇದೆ, ನಿಜ. ಆದರೆ ಎಲ್ಲಿ ಓದಬೇಕು ಅನ್ನುವ ಆಯ್ಕೆಯನ್ನು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಗುವಿಗೇ ಕೊಟ್ಟಿದೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗು 6ರಿಂದ 18 ವರ್ಷದವರೆಗೆ ಮನೆ ಹತ್ತಿರದ ಶಾಲೆಯಲ್ಲೂ ಉಚಿತವಾಗಿ ಓದಬಹುದು, ವಿಶೇಷ ಶಾಲೆಯಲ್ಲೂ ಓದಬಹುದು. ಹಳ್ಳಿಯಲ್ಲಿ ಮನೆ ಹತ್ತಿರದ ಶಾಲೆ ಅಂದರೆ ನಮ್ಮದೇ ಅಲ್ವಾ?

ಇಂಥ ಮಕ್ಕಳ ಕಲಿಕೆಗೆ ನೆರವಾಗಲು ತಾಲ್ಲೂಕಿಗೆ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರು ಇರುತ್ತಾರೆ. ವಿಶೇಷ ತರಬೇತಿ ಪಡೆದವರು. ನನಗೆ ಗೊತ್ತಿರುವುದರಲ್ಲಿ ಅರ್ಧ ಅವರಿಂದಲೇ ಕಲಿತದ್ದು. ಆದರೆ ಅವರು ತಾಲ್ಲೂಕಿನ ಅಷ್ಟೂ ಶಾಲೆ ಸುತ್ತಬೇಕು. ಅವರು ಬಂದು ಹೋದ ಮೇಲೆ ಉಳಿದ ಎಲ್ಲಾ ದಿನ ಮಗುವಿನ ಜೊತೆ ಇರುವವರು ನಾವು. ಹಾಗಾಗಿ ಮಗುವಿನ ಅಡಚಣೆ ಎಲ್ಲಿದೆ ಅಂತ ನೋಡಿಕೊಂಡು ನನ್ನ ತರಗತಿಯಲ್ಲೇ ಏನೇನು ಬದಲಿಸಿಕೊಂಡೆ ಅನ್ನೋದನ್ನು ಬರೆಯುತ್ತೇನೆ.

ಒಂದನೇ ತರಗತಿಗೆ ಸೇರಿದ ಹುಡುಗಿಯೊಬ್ಬಳು ಪಕ್ಕದ ಮಗು ಏನು ಮಾಡುತ್ತದೋ ಅದನ್ನೇ ಮಾಡುತ್ತಿದ್ದಳು. ಎಲ್ಲರೂ ಎದ್ದರೆ ಏಳುವಳು, ಸ್ಲೇಟು ತೆಗೆದರೆ ತೆಗೆಯುವಳು, ಆದರೆ ಯಾವಾಗಲೂ ಒಂದು ಕ್ಷಣ ತಡ. "ಕರೆದ್ರೆ ತಿರುಗ್ತಾಳೆ ಮಿಸ್, ಸೊಲ್ಪ ಹಟ ಜಾಸ್ತಿ ಅಷ್ಟೇ" ಅಂದರು ಅವಳ ಅಜ್ಜಿ. ಬಿಐಇಆರ್‌ಟಿ ಜೊತೆ ಮಾತಾಡಿ, ತಾಲ್ಲೂಕಿನ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಕಳಿಸಿದೆವು. ಎರಡೂ ಕಿವಿ ಮಂದ ಅಂತ ತಿಳಿಯಿತು. ಮುಂದೆ ಶ್ರವಣ ಸಾಧನವೂ ಬಂತು.

ಸಾಧನ ಬಂದರೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಕೆಲಸ ಅಲ್ಲಿಂದ ಶುರು. ಬ್ಯಾಟರಿ ಮುಗಿದಿದ್ದರೆ ಆ ಯಂತ್ರ ಕಿವಿಗೆ ಇಟ್ಟ ಬಿರಡೆ ಅಷ್ಟೇ, ಇದ್ದ ಕೇಳುವಿಕೆಯನ್ನೂ ಮುಚ್ಚುತ್ತದೆ. ಮಗು ಅದನ್ನು ಹೇಳುವುದಿಲ್ಲ, ಸುಮ್ನೆ ಕೂತಿರುತ್ತದೆ. ಅದಕ್ಕೇ ಪ್ರಾರ್ಥನೆ ಮುಗಿದ ತಕ್ಷಣ ಒಂದು ಪರೀಕ್ಷೆ ಮಾಡುತ್ತೇನೆ. ತುಟಿ ಕಾಣದಂತೆ ಬಾಯಿಗೆ ನೋಟ್‌ಬುಕ್ ಅಡ್ಡ ಹಿಡಿದು ಆರು ಶಬ್ದ ಹೇಳುವುದು: ಆ, ಈ, ಊ, ಮ್, ಶ್, ಸ್. ಕೇಳಿದಾಗಲೆಲ್ಲ ಅವಳು ಡಬ್ಬಿಗೆ ಒಂದು ಹುಣಸೆ ಬೀಜ ಹಾಕಬೇಕು. ಮಾತಿನಲ್ಲಿ ಬರುವ ದಪ್ಪ ದನಿಯಿಂದ ಹಿಡಿದು ಸಣ್ಣ ಕೀರಲು ದನಿಯವರೆಗೆ ಎಲ್ಲವೂ ಈ ಆರರಲ್ಲಿ ಬಂದುಹೋಗುತ್ತದೆ. ನಡುವೆ ಸುಮ್ಮನೆ ಬಿಡುವು ಕೊಡುವುದೂ ಮುಖ್ಯ, ಇಲ್ಲದಿದ್ದರೆ ಮಗು ತಾಳಕ್ಕೆ ಬೀಜ ಹಾಕುತ್ತಾ ಹೋಗುತ್ತದೆ. 'ಸ್'ಗೆ ಬೀಜ ಬೀಳಲಿಲ್ಲ ಅಂದರೆ ಕಿವಿಯೊಳಗೆ ಕೂರುವ ಅಚ್ಚಿಗೆ ಗುಗ್ಗೆ ಕಟ್ಟಿದೆಯಾ, ಕೊಳವೆಯಲ್ಲಿ ಬೆವರಿನ ಹನಿ ನಿಂತಿದೆಯಾ ನೋಡುತ್ತೇನೆ. ಒಂದಕ್ಕೂ ಬೀಳಲಿಲ್ಲ ಅಂದರೆ ಮೊದಲು ಬ್ಯಾಟರಿ. ಹೊಸದರ ಸ್ಟಿಕರ್ ಕಿತ್ತು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಅದು ಕೆಲಸ ಮಾಡುವುದೇ ಗಾಳಿಯಿಂದ.

ಒಮ್ಮೆ ಅವಳು ಸಾಧನ ತೆಗೆದು ಬ್ಯಾಗಿಗೆ ಹಾಕಿಕೊಳ್ಳಲು ಶುರು ಮಾಡಿದಳು. ಅದು ಕುಯ್ ಅಂತ ಶಿಳ್ಳೆ ಹಾಕುತ್ತಿತ್ತು, ಹುಡುಗರು ನಗುತ್ತಿದ್ದರು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಹಳೆಯ ಅಚ್ಚು ಸಡಿಲವಾಗಿ ಶಬ್ದ ಸೋರಿದರೆ ಈ ಶಿಳ್ಳೆ. ಹೊಸ ಅಳತೆ ತೆಗೆಸಿ ಅಚ್ಚು ಮಾಡಿಸಿದ ಮೇಲೆ ನಿಂತಿತು. ಅಷ್ಟರಲ್ಲಿ ಇಡೀ ತರಗತಿಗೆ ಸಾಧನ ಹೇಗೆ ಕೆಲಸ ಮಾಡುತ್ತದೆ ಅಂತ ಅವಳಿಂದಲೇ ತೋರಿಸಿದೆ. ನಕ್ಕಿದ್ದ ಹುಡುಗನೇ ಮಳೆ ಬಂದರೆ "ಮಿಷನ್ ತೆಗಿಯೇ" ಅಂತ ಕೂಗುವ ಹಾಗಾಯಿತು.

ಇನ್ನು ನಾನು ಬದಲಾದದ್ದು. ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಪ, ಬ, ಮ ಮೂರೂ ಒಂದೇ. ಕನ್ನಡಿಯ ಮುಂದೆ ದನಿ ಇಲ್ಲದೆ 'ಬರ', 'ಮರ' ಅಂದು ನೋಡಿ, ಏನೂ ವ್ಯತ್ಯಾಸ ಕಾಣದು. ಅದಕ್ಕೇ ಹೊಸ ಪದ ಹೇಳುವಾಗ ಚಿತ್ರವೋ ಕಾರ್ಡೋ ಕೈಯಲ್ಲಿ ಇರುತ್ತದೆ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡುವುದಿಲ್ಲ. ಬರೆದು, ತಿರುಗಿ, ಆಮೇಲೆ ಮಾತು. ಕಿಟಕಿಗೆ ಬೆನ್ನು ಮಾಡಿ ನಿಲ್ಲುವುದಿಲ್ಲ, ಬೆಳಕು ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಉಕ್ತಲೇಖನ ಕೊಡುವಾಗ ಸಾಲುಗಳ ನಡುವೆ ಓಡಾಡುವುದು ನಮ್ಮೆಲ್ಲರಿಗೂ ಅಭ್ಯಾಸ. ಅದನ್ನೂ ಬಿಟ್ಟೆ. ಒಂದೇ ಕಡೆ ನಿಂತು, ಪದವನ್ನು ಒಂದು ವಾಕ್ಯದಲ್ಲಿಟ್ಟು ಹೇಳುತ್ತೇನೆ. ಇದರಿಂದ ಉಳಿದ ಮಕ್ಕಳ ತಪ್ಪುಗಳೂ ಕಡಿಮೆಯಾದವು.

ಸಣ್ಣ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ, ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಹತ್ತುತ್ತದೆ. ಒಂದು ತೊಂದರೆಯೂ ಇದೆ, ಗದ್ದಲ. ಮಕ್ಕಳು ಗುಂಪಾಗಿ ಕೂರುವ ಜಾಗಕ್ಕೆ ಇಲ್ಲಿ ತಟ್ಟೆ ಅನ್ನುತ್ತೇವೆ. ಎಲ್ಲಾ ತಟ್ಟೆಗಳಲ್ಲೂ ಏಕಕಾಲಕ್ಕೆ ಮಾತು ನಡೆಯುತ್ತಿರುತ್ತದೆ, ಸಾಧನ ಆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಅವಳಿರುವ ತಟ್ಟೆಯನ್ನು ಗೋಡೆಯ ಮೂಲೆಗೆ, ಬಾಗಿಲಿನಿಂದ ದೂರಕ್ಕೆ ಸರಿಸಿದೆ. ಸಹಪಾಠಿಯ ಸಹಾಯದ ತಟ್ಟೆಗೆ ಬಂದಾಗ ನಿಧಾನವಾಗಿ, ಎದುರು ಕೂತು ಮಾತಾಡುವ ಗೆಳತಿಯನ್ನೇ ಜೊತೆ ಕೂರಿಸುತ್ತೇನೆ.

ನಾಲ್ಕನೇ ತರಗತಿಯ ಹುಡುಗನ ಕಷ್ಟ ಬೇರೆ. ಬಾಯಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ, ಓದು ಅಂದರೆ ಹೊಟ್ಟೆನೋವು. 'ವು' ಮತ್ತು 'ಮ' ಅವನಿಗೆ ಒಂದೇ ತರ ಕಾಣುತ್ತಿದ್ದವು. 'ಸೂರ್ಯ' ಬಂದರೆ ನಿಂತೇ ಬಿಡುವನು. ಪಾಪ, ಅರ್ಕಾವತ್ತನ್ನು ಬರೆಯುವುದು ಆಮೇಲೆ, ಓದುವುದು ಮೊದಲು! ಎಲ್ಲರೆದುರು ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದೆ. ಮೊದಲು 'ಅಕ್ಕ', 'ಅಮ್ಮ'ದಂಥ ಸಜಾತಿ ಒತ್ತು, ಅದು ಗಟ್ಟಿಯಾದ ಮೇಲೆ 'ಪುಸ್ತಕ', ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಓದುವ ಸಾಲಿನ ಕೆಳಗೆ ರಟ್ಟಿನ ಪಟ್ಟಿ. ಪರಿಸರ ಅಧ್ಯಯನದ ಉತ್ತರಗಳನ್ನು ಬಾಯಲ್ಲೇ ಕೇಳುತ್ತೇನೆ, ಆ ವಿಷಯ ಅವನಿಗೆ ಚೆನ್ನಾಗಿ ಬರುತ್ತದೆ. ಹೀಗೆ ಓದು, ಬರಹದಂಥದ್ದರಲ್ಲೇ ತೊಡಕಾಗುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ 2016ರ ಆ ಕಾಯ್ದೆಯ 21 ವೈಕಲ್ಯಗಳಲ್ಲಿ ಒಂದು. ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ, ರಟ್ಟಿನ ಪಟ್ಟಿಗೆ ಯಾರ ಸಹಿಯೂ ಬೇಡ. ಹಾಗಂತ ಪ್ರಮಾಣಪತ್ರ ಬೇಡ ಅನ್ನುತ್ತಿಲ್ಲ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗಬೇಕಾದರೆ ಅದು ಬೇಕೇ ಬೇಕು. ತಂದೆತಾಯಿಗೆ ಇದನ್ನು ಹೇಳಲೇಬೇಕು.

ಆ ಹುಡುಗಿ ಈಗ ನಮ್ಮಲ್ಲಿ ಐದನೇ ತರಗತಿ ಮುಗಿಸಿ ಪಕ್ಕದೂರಿನ ಶಾಲೆಗೆ ಹೋಗುತ್ತಿದ್ದಾಳೆ. ಟಿ.ಸಿ. ಜೊತೆ ಒಂದು ಹಾಳೆ ಬರೆದು ಕಳಿಸಿದೆ: ಯಾವ ಕಿವಿ ಹೆಚ್ಚು ಚುರುಕು, ಎಲ್ಲಿ ಕೂರಿಸಬೇಕು, ಆರು ಶಬ್ದದ ಪರೀಕ್ಷೆ ಹೇಗೆ, ಯಾವ ಪದಗಳಲ್ಲಿ ಎಡವುತ್ತಾಳೆ, ಅಚ್ಚು ಯಾವಾಗ ಬದಲಿಸಿದ್ದು. ಶಾಲೆ ಶುರುವಾದ ವಾರದಲ್ಲೇ ಅಲ್ಲಿನ ಮೇಷ್ಟ್ರು ಫೋನ್ ಮಾಡಿ, ಬ್ಯಾಟರಿ ಎಷ್ಟನೇ ನಂಬರಿನದು, ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳಿ ಬರೆದುಕೊಂಡರು.