ನವನಗರದ ಮನೆ ಮತ್ತು ಯೆರೆಮೀಯನ ಪತ್ರ

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಅಂಗಳದಲ್ಲಿ ಅಪ್ಪ ನೆಟ್ಟ ಬೇವಿನ ಮರವೂ ಹೋಯಿತು. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಒಂದು ಸೆಕ್ಟರ್‌ನಲ್ಲಿ ಹೊಸ ಮನೆ ಕಟ್ಟಿದೆವು. ಹಳೆಯದಕ್ಕಿಂತ ದೊಡ್ಡದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟೆ. ಇಳಕಲ್ ಸೀರೆಗೆ ಒಪ್ಪುವ ಖಣದ ಕುಪ್ಪಸ ಹೊಲಿಯುತ್ತೇನೆ. ಗಿರಾಕಿಗಳೂ ಬಂದರು. ಆದರೂ ಬೆಳಿಗ್ಗೆ ಎಚ್ಚರವಾದರೆ ಯಾಕೆ ಏಳಬೇಕು ಅನ್ನಿಸುತ್ತಿತ್ತು. ಹುಟ್ಟಿದಾಗಿಂದ ಭಾನುವಾರ ಆರಾಧನೆ ತಪ್ಪಿಸಿದವಳಲ್ಲ. ಅದೂ ಸುಮ್ನೆ ರೂಢಿಯಾಗಿತ್ತು.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆಗ ನನಗೆ ಹಿಡಿಸುತ್ತಿದ್ದದ್ದು ಪ್ರಸಂಗಿ ಎಂಬ ಪುಸ್ತಕದ 2ನೇ ಅಧ್ಯಾಯ ಒಂದೇ. ಮನೆ ಕಟ್ಟಿಸಿಕೊಂಡೆ, ತೋಟ ಮಾಡಿಸಿಕೊಂಡೆ, ಕೊನೆಗೆ ನೋಡಿದರೆ ಎಲ್ಲ ಗಾಳಿ ಹಿಡಿದ ಹಾಗೆ ಅನ್ನುತ್ತಾನೆ ಆ ಪ್ರಸಂಗಿ. ನನ್ನದೇ ಮಾತು ಅನ್ನಿಸಿತು. ನಮ್ಮ ಸಭೆಯ ಪಾಸ್ಟರ್ ಹತ್ತಿರ ಹೇಳಿಕೊಂಡೆ. "ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ ಓದ್ರಿ. 11ನೇ ವಚನದಿಂದ ಅಲ್ಲ, ಮೊದಲಿಂದ" ಅಂದರು.

ಆ 11ನೇ ವಚನ ನಮ್ಮ ಗೋಡೆಯ ಕ್ಯಾಲೆಂಡರ್‌ನಲ್ಲೇ ಇತ್ತು. ಮುಂದೆ ಒಳ್ಳೆಯದಾಗುತ್ತದೆ ಎಂದು ದೇವರು ಧೈರ್ಯ ಹೇಳುವ ಮಾತು. ಅದು ಯಾರಿಗೆ ಹೇಳಿದ್ದು ಅಂತ ನಾನು ನೋಡಿರಲೇ ಇಲ್ಲ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಬರೆದ ಪತ್ರ ಅದು. ಊರು ಬಿಟ್ಟವರಿಗೆ! ಬೇಗ ವಾಪಸ್ ಬರುತ್ತೀರಿ ಅಂತ ಯೆರೆಮೀಯ ಬರೆಯಲಿಲ್ಲ. 70 ವರ್ಷ ಆಗುತ್ತದೆ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿಗಾಗಿ ಬೇಡಿಕೊಳ್ಳಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಅಂತ ಬರೆದ.

ಎರಡೂ ಕಡೆ ಮನೆ, ತೋಟ. ಪ್ರಸಂಗಿ ಎಲ್ಲವನ್ನೂ ತನಗಾಗಿ ಮಾಡಿಕೊಂಡ. ಯೆರೆಮೀಯನಲ್ಲಿ ಮನೆಯ ಜೊತೆಗೇ ಊರೂ ಬರುತ್ತದೆ. ನಾನು ನವನಗರಕ್ಕಾಗಿ ಒಂದು ದಿನವೂ ಬೇಡಿರಲಿಲ್ಲ. ಹಳೇ ಊರನ್ನು ನೆನೆದು ಅಳುವುದನ್ನೇ ಪ್ರಾರ್ಥನೆ ಅಂದುಕೊಂಡಿದ್ದೆ.

ಮರುದಿನ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಮ್ಮ ಓಣಿಯ ಮನೆಯವರ ಹೆಸರು ಬರೆಯಲು ಕೂತೆ. ಒಟ್ಟು 14 ಮನೆ. ಐದು ಮನೆಯವರ ಹೆಸರೇ ಗೊತ್ತಿರಲಿಲ್ಲ. ಅಷ್ಟು ವರ್ಷ ಅಲ್ಲೇ ಇದ್ದೂ! ಮಷಿನ್ ಮುಂದೆ ಕೂರುವ ಮುಂಚೆ ದಿನಕ್ಕೆ ಎರಡು ಮನೆಗಾಗಿ ಬೇಡುವುದು, ಹೆಸರು ಗೊತ್ತಿಲ್ಲದಿದ್ದರೆ ಅವತ್ತೇ ಹೋಗಿ ಕೇಳುವುದು ಅಂತ ಮಾಡಿಕೊಂಡೆ. ಬರಿಗೈಯಲ್ಲಿ ಹೋಗಲು ಸಂಕೋಚ. ಶೇಂಗಾ ಹಿಂಡಿ ಕುಟ್ಟಿ ಒಯ್ದೆ. ಅವರನ್ನು ಸಭೆಗೆ ಕರೆಯಬೇಕು ಅನ್ನುವುದು ನನ್ನ ಮನಸ್ಸಿನಲ್ಲಿರಲಿಲ್ಲ. ಒಬ್ಬರ ಮಂಡಿನೋವು, ಇನ್ನೊಬ್ಬರ ಮಗನ ಕೆಲಸ, ಇವೇ ಯೇಸುಸ್ವಾಮಿಯ ಮುಂದೆ ನನ್ನ ಪ್ರಾರ್ಥನೆಯಾದವು. ಬೇಡಿದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಮಂಡಿನೋವಿನವರಿಗೆ ಔಷಧಿ ತಂದುಕೊಡುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಏಳಲು ಕಾರಣ ಹುಡುಕುವುದು ಯಾವಾಗ ನಿಂತಿತೋ ತಿಳಿಯಲಿಲ್ಲ.

ಬಾಯಿಗೆ ಮಾತೇ ಬರದ ದಿನಗಳು ಈಗಲೂ ಇವೆ. ಆಗ ಸತ್ಯವೇದದ 13ನೇ ಕೀರ್ತನೆ ಗಟ್ಟಿಯಾಗಿ ಓದುತ್ತೇನೆ. ಆರೇ ವಚನ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತಾ ಶುರುವಾಗುತ್ತದೆ. ಹೀಗೂ ಕೇಳಬಹುದು ಅಂತ ದೇವರೇ ಇಟ್ಟುಕೊಟ್ಟಿದ್ದಾನೆ ಅಲ್ವಾ? ಅಪ್ಪನ ಬೇವಿನ ಮರ ನೆನಪಾದ ದಿನ ಇದನ್ನು ಜಾಸ್ತಿ ಓದುತ್ತೇನೆ.

ಮೂಲೆಮನೆ ಅಜ್ಜಿಯೂ ಹಳೇ ಊರಿನವರೇ. ಮೊನ್ನೆ ಕುಪ್ಪಸದ ಅಳತೆ ಕೊಡಲು ಬಂದವರು ಹಿಂದಿನ ಹಾಳೆ ತಿರುವಿಸಿದರು. "ಯವ್ವಾ, ಮೊಮ್ಮಗಳ ಪರೀಕ್ಷೆ ಬಂತು. ಆಕಿ ಹೆಸರೂ ಬರಕೋ" ಅಂದರು. ಬರೆದುಕೊಂಡೆ.