ಶನಿವಾರ ಮನೆಗೆ ಹೋಗಲು ತಡ ಮಾಡುವ ಮಗು

ಶನಿವಾರ ಬೆಳಗ್ಗಿನ ಸ್ಕೂಲು. ಬೆಲ್ ಹೊಡೆದದ್ದೇ ತಡ, ಮಕ್ಕಳು ಗೇಟಿನ ಕಡೆ ಓಡುತ್ತಾರೆ. ಓಡದೆ ಉಳಿಯುವ ಮಗುವಿನ ಮೇಲೆ ಕಣ್ಣಿಡಬೇಕು ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಭತ್ತದ ನಾಟಿ, ಕಬ್ಬಿನ ಕಟಾವು ಶುರುವಾದರೆ ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುತ್ತಾರೆ. ಬರುವುದು ಹೊತ್ತು ಮುಳುಗಿದ ಮೇಲೆ. ಶನಿವಾರ ಮಧ್ಯಾಹ್ನ ಮಗು ಮನೆಯಲ್ಲಿ ಒಂದೇ. ಅಕ್ಕಪಕ್ಕದವರಿಗೆಲ್ಲ ಅದು ಗೊತ್ತಿರುತ್ತದೆ, ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಡುವವನಿಗೂ.

ಅಂಥ ವಿಷಯ ಒಂದು ಮಗು ಹೇಳಲು ಬಂದ ಮೊದಲ ಸಲ ನಾನೇ ಕೆಡಿಸಿದೆ. ಒಬ್ಬ ಹುಡುಗಿ, 'ನಮ್ಮ ನೆಂಟರೊಬ್ಬರ ಮನೆಗೆ ಹೋಗಲ್ಲ ಮಿಸ್' ಎಂದಳು. ಯಾಕೆ, ಏನಾಯ್ತು, ಯಾವತ್ತು, ನೀನು ಕೂಗಲಿಲ್ವಾ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಸಂಜೆ ತಾಯಿಯನ್ನು ಕರೆಸಿ ಹುಡುಗಿಯ ಎದುರೇ ಹೇಳಿದೆ. ತಾಯಿ ನನ್ನ ಮುಂದೆಯೇ ಮಗಳ ಕೆನ್ನೆಗೆ ಬಾರಿಸಿದಳು. ಮಾರನೆಯ ದಿನ ಹುಡುಗಿ, 'ಸುಮ್ನೆ ಹೇಳಿದ್ದೆ ಮಿಸ್' ಎಂದಳು. ಆ ವರ್ಷ ಮುಗಿಯುತ್ತಲೇ ಟಿಸಿ ತಗೊಂಡು ಹೋದರು. 'ನೀನು ಕೂಗಲಿಲ್ವಾ' ಎಂಬ ನನ್ನ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಮಕ್ಕಳಿಗೆ ಈ ಬಗ್ಗೆ ಹೇಳುವ ಪಾಠದ ರೀತಿ ಬದಲಾಯಿಸಿದೆ. ಮೊದಲೆಲ್ಲ ಗೊತ್ತಿಲ್ಲದವರ ಹತ್ತಿರ ಹೋಗಬೇಡಿ ಎಂದಷ್ಟೇ ಹೇಳುತ್ತಿದ್ದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳ ಪ್ರಕಾರ, ಮಕ್ಕಳ ಮೇಲಿನ ಅತ್ಯಾಚಾರದ ಕೇಸುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಜಾಸ್ತಿ ಕಡೆ ಆರೋಪಿ ಗೊತ್ತಿರುವವನೇ. ಹುಡುಗರನ್ನು ಆಟಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳುತ್ತಿದ್ದೆ. 2007ರ ಕೇಂದ್ರ ಸರ್ಕಾರದ ಅಧ್ಯಯನದಲ್ಲಿ ಲೈಂಗಿಕ ಕಿರುಕುಳ ಹೇಳಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ ಇದ್ದರು. ಈಗ ಎಲ್ಲರನ್ನೂ ಕೂರಿಸಿಕೊಳ್ಳುತ್ತೇನೆ.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎನ್ನುವುದಕ್ಕಿಂತ ಗುಟ್ಟಿನ ಬಗ್ಗೆ ಮಾತಾಡುತ್ತೇನೆ. ಪ್ರೀತಿಯಿಂದ ಮಾತಾಡಿಸಿ, ತಿಂಡಿ ಕೊಡಿಸಿ ಮುಟ್ಟುವವನ ಸ್ಪರ್ಶ ಕೆಟ್ಟದ್ದು ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಆದರೆ 'ನಿಮ್ಮಮ್ಮಂಗೆ ಹೇಳ್ಬೇಡ' ಎಂದವನ ಮಾತು ಎರಡನೇ ಕ್ಲಾಸಿನ ಮಗುವಿಗೂ ನೆನಪಿರುತ್ತದೆ. ದೊಡ್ಡವರು ಯಾರೇ ಹಾಗೆ ಹೇಳಿದರೂ ಅದನ್ನು ಮೊದಲು ಹೇಳಬೇಕು ಎಂದು ಕಲಿಸಿದೆ. ಗೋಡೆಗೆ ಒಂದು ಪೆಟ್ಟಿಗೆಯನ್ನೂ ತೂಗುಹಾಕಿದ್ದೆವು. ಅದರಲ್ಲಿ ಬಂದದ್ದೆಲ್ಲ ಪೆನ್ಸಿಲ್ ಕದ್ದವರ ಮೇಲಿನ ದೂರು!

ಎರಡನೇ ಮಗು ಮಾತಾಡಿದ್ದು ನನ್ನ ಹತ್ತಿರವಲ್ಲ, ಬಿಸಿಯೂಟದ ಅಡುಗೆ ಅಕ್ಕನ ಹತ್ತಿರ. ಶನಿವಾರ ಅಕ್ಕ ಪಾತ್ರೆ ತೊಳೆಯುವಾಗ ನಲ್ಲಿ ಪಕ್ಕದ ಕಲ್ಲಿನ ಮೇಲೆ ಕೂತು ಹೇಳಿತಂತೆ. ಮುಖ ನೋಡದೆ ಮಾತಾಡುವುದು ಮಕ್ಕಳಿಗೆ ಸುಲಭ. ಅಕ್ಕ ಜಾಣೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 'ಮಿಸ್ ಅವರ್ಗೆ ಹೇಳಾನ ಬಾ ಮಗ' ಎಂದು ಕರಕೊಂಡು ಬಂದಳು.

ಈ ಸಲ ನಾನು ಕೇಳಿದ್ದು 'ಆಮೇಲೆ?' ಎಂಬ ಒಂದೇ ಮಾತು. ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ ಎಂದೆ. 'ಯಾರ್ಗೂ ಹೇಳ್ಬೇಡಿ ಮಿಸ್' ಎಂದಾಗ ಹೂಂ ಎನ್ನಲಿಲ್ಲ. ಊರಿಗೆಲ್ಲ ಹೇಳಲ್ಲ, ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ ಎಂದೆ. ಆಮೇಲೆ ಮಗುವಿನ ಮಾತನ್ನು ಅದರ ಪದಗಳಲ್ಲೇ ಬರೆದು ತಾರೀಕು, ಗಂಟೆ ಹಾಕಿದೆ.

ಹೆಡ್‌ಮಾಸ್ಟರಿಗೆ ಸ್ಕೂಲಿನ ಹೆಸರಿನ ಚಿಂತೆ. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು ಎಂದು ತೋರಿಸಿದೆ. ಅವರ ಫೋನಿನಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು.

ಮಗುವಿನ ಹೇಳಿಕೆ ಪಡೆಯಲು ಬಂದ ಮಹಿಳಾ ಎಸ್‌ಐ ಚೂಡಿದಾರ್ ಹಾಕಿಕೊಂಡಿದ್ದರು. ಯೂನಿಫಾರ್ಮ್ ಹಾಕಿರಬಾರದು ಎಂದು ಕಾನೂನೇ ಹೇಳುತ್ತದೆ. ಮಗು ನಂಬುವವರು ಜೊತೆಗಿರಬಹುದು. ಮಗು ಆರಿಸಿಕೊಂಡದ್ದು ಅಡುಗೆ ಅಕ್ಕನನ್ನು. 24 ಗಂಟೆಯೊಳಗೆ, ಇಂಥ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಹೋಯಿತು.

ಕಷ್ಟವಾಗಿದ್ದು ಊರಿನವರದ್ದು. ನಾಲ್ಕು ಜನ ಯಜಮಾನರು ಸ್ಟಾಫ್ ರೂಮಿಗೇ ಬಂದರು. 'ಮೇಡಮ್ಮೋರೆ, ಅವನಿಗೆ ದಂಡ ಹಾಕ್ತೀವಿ, ಊರಲ್ಲೇ ತೀರ್ಮಾನ ಮಾಡ್ಕೊಳಾನ, ಹೆಣ್ಣು ಮಗೀನ ಬದುಕು' ಎಂದರು. ಇದು ಬದು ಒತ್ತಿದ ಜಗಳವಲ್ಲ ಯಜಮಾನ್ರೆ, ರಾಜಿ ಮಾಡೋಕೆ ಬರಲ್ಲ ಎಂದೆ. ಟೀ ಕುಡಿಯದೆ ಎದ್ದು ಹೋದರು. ತಿಂಗಳುಗಟ್ಟಲೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಮಗುವಿನ ಗುರುತು ಸಿಗಬಾರದು ಎಂದು ಇಲ್ಲಿ ಊರು, ವಯಸ್ಸು, ತರಗತಿ ಏನೂ ಬರೆದಿಲ್ಲ. ಕೇಸು ನಡೆಯುತ್ತಿದೆ.

ಈಗ ಗ್ರಾಮ ಪಂಚಾಯಿತಿ ಲೈಬ್ರರಿ ಶನಿವಾರ ಸಂಜೆವರೆಗೂ ತೆರೆದಿರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿ ಮಾಡಿಸಿಕೊಂಡದ್ದು. ಕೇರಂ ಬೋರ್ಡ್ ಇಟ್ಟ ಮೇಲೆ ಜಾಸ್ತಿ ಜನ ಬರುತ್ತಾರೆ. ಅಡುಗೆ ಅಕ್ಕ ಶನಿವಾರ ಪಾತ್ರೆ ತೊಳೆಯುವುದನ್ನು ಬೇಕಂತಲೇ ನಿಧಾನ ಮಾಡುತ್ತಾಳೆ. ನಾನು ಏನೋ ಬರೆಯುವ ನೆಪದಲ್ಲಿ ಜಗಲಿಯಲ್ಲಿ ಕೂರುತ್ತೇನೆ. ಹೋದ ವಾರ ಒಬ್ಬ ಹುಡುಗ ಮುಕ್ಕಾಲು ಗಂಟೆ ಆ ಕಲ್ಲಿನ ಮೇಲೆ ಕೂತಿದ್ದ. ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಈ ಶನಿವಾರವೂ ಕೂರುತ್ತಾನಾ ನೋಡಬೇಕು.