ಫ್ಲೈವೀಲ್ ಲಾಂಚರ್: ಎರಡನೇ ಚೆಂಡಿನ ತಲೆನೋವು

ನಮ್ಮ ರೋಬಾಟಿನಲ್ಲಿ ತಿರುಗುವ ಚಕ್ರದಿಂದ ಚೆಂಡು ಹಾರಿಸುವ ಲಾಂಚರ್ ಇದೆ, ಒಂದೇ ಚಕ್ರದ್ದು. 100 ಮಿ.ಮೀ. ವ್ಯಾಸ, 200 ಗ್ರಾಂ ತೂಕದ ರಬ್ಬರ್ ಚಕ್ರ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ತಿರುಗುತ್ತಿತ್ತು. ಅದರ ಮೇಲೆ ಹುಡ್, ಅಂದರೆ ಬಾಗಿದ ಮುಚ್ಚಳ. ನಡುವಿನ ಸಂದಿಯಲ್ಲಿ 60 ಗ್ರಾಂನ ಫೋಮ್ ಚೆಂಡು ಉರುಳಿ ಹಾರಬೇಕು. ಬಿಟ್ಟು ಬಿಟ್ಟು ಒಂದೊಂದೇ ಚೆಂಡು ಹಾಕಿದರೆ ಎಲ್ಲವೂ ಗುರಿಗೆ ಬೀಳುತ್ತಿದ್ದವು. ಸಾಲಾಗಿ ಮೂರು ಬಿಟ್ಟರೆ ಮೊದಲನೆಯದು ಮಾತ್ರ ಸರಿ. ಎರಡನೆಯದು ಗುರಿಗೂ ಮುಂಚೆ ಬೀಳುತ್ತಿತ್ತು, ಮೂರನೆಯದು ಗುರಿ ದಾಟಿ ಹೋಗುತ್ತಿತ್ತು.

ಇನ್ನೂ ಜೋರಾದ ಮೋಟಾರ್ ಹಾಕೋಣ ಎಂದರು ತಂಡದವರು. ನಾನು ಒಪ್ಪಲಿಲ್ಲ. ದೂರಕ್ಕೇನೂ ಕೊರತೆ ಇರಲಿಲ್ಲ, ಪ್ರತಿ ಸಲವೂ ಅದೇ ದೂರ ಬರುತ್ತಿರಲಿಲ್ಲ. ಹಾಗಾಗಿ ಮೊದಲು ಚಕ್ರದ ವೇಗ ದಾಖಲಿಸಿ ಗ್ರಾಫ್ ಹಾಕಲು ಹೊರಟೆ. ಅಲ್ಲೂ ಒಂದು ತೊಡಕಿತ್ತು. ಚಕ್ರದ ತಿರುಗುವಿಕೆ ಅಳೆಯುವ ಎನ್‌ಕೋಡರ್ ಸುತ್ತಿಗೆ 28 ಪಲ್ಸ್ (ವಿದ್ಯುತ್ ಮಿಡಿತ) ಕೊಡುವಂಥದ್ದು. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 1400 ಪಲ್ಸ್. 10 ಮಿಲಿಸೆಕೆಂಡಿಗೊಮ್ಮೆ ಎಣಿಸಿದರೆ ಸಿಗುವುದು ಬರೀ 14. ಒಂದು ಪಲ್ಸ್ ಹೆಚ್ಚುಕಮ್ಮಿಯಾದರೂ ವೇಗ ಶೇ. 7ರಷ್ಟು ಏರಿಳಿದಂತೆ ಕಾಣುತ್ತದೆ. ಸರಾಸರಿ ತೆಗೆದು ಗ್ರಾಫ್ ನಯ ಮಾಡೋಣವೆಂದರೆ ನಾನು ನೋಡಬೇಕಾಗಿದ್ದ ಇಳಿತವೇ ಅಳಿಸಿಹೋಗುತ್ತಿತ್ತು. ಕೊನೆಗೆ ಪಲ್ಸ್ ಎಣಿಸುವುದು ಬಿಟ್ಟು, ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆದೆ.

ಆಗ ಚಿತ್ರ ಸ್ಪಷ್ಟವಾಯಿತು. ಒಂದು ಚೆಂಡು ಹಾದುಹೋದರೆ ಚಕ್ರದ ವೇಗ ಶೇ. 17ರಷ್ಟು ಕುಸಿಯುತ್ತಿತ್ತು. ಅದು ಚೇತರಿಸಿಕೊಳ್ಳುವ ಮೊದಲೇ ಎರಡನೇ ಚೆಂಡು ಬಂದು ತಗುಲುತ್ತಿತ್ತು. ಚೆಂಡು ಹೋಗುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬದಲಾಗುವುದರಿಂದ ಶೇ. 10ರಷ್ಟು ವೇಗ ಕಡಿಮೆಯಾದರೂ ಸಾಕು, ದೂರದಲ್ಲಿ ಸುಮಾರು ಐದನೇ ಒಂದು ಪಾಲು ಹೋಯಿತು.

ಮೋಟಾರಿನ ಗೋಜಿಗೆ ಹೋಗದೆ ಚಕ್ರದ ಪಕ್ಕಕ್ಕೆ 300 ಗ್ರಾಂನ ಉಕ್ಕಿನ ಬಳೆಯೊಂದನ್ನು ಬೋಲ್ಟ್ ಮಾಡಿದೆ. ಅದೇ ತೂಕವನ್ನು ನಡುವಿನ ಶಾಫ್ಟ್ (ಅಚ್ಚು) ಹತ್ತಿರ ಹಾಕಿದ್ದರೆ ಹೆಚ್ಚೇನೂ ಪ್ರಯೋಜನವಿರುತ್ತಿರಲಿಲ್ಲ. ಅಂಚಿನಲ್ಲಿ, ನಡುವಿನಿಂದ ಸರಾಸರಿ 45 ಮಿ.ಮೀ. ದೂರದಲ್ಲಿ ಇದ್ದದ್ದರಿಂದ ತೂಕ ಎರಡೂವರೆ ಪಟ್ಟಾದರೆ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವ ವೇಗ ಬದಲಾಗದಂತೆ ತಡೆಯುವ ಗುಣ) 3.4 ಪಟ್ಟಾಯಿತು. ಕುಸಿತ ಶೇ. 6ಕ್ಕೆ ಇಳಿಯಿತು. ಇನ್ನೊಂದು ಲಾಭ ನಾನು ಎಣಿಸಿರದೇ ಬಂತು: ಚೆಂಡು ಹೊರಬೀಳುವ ಗಳಿಗೆಯಲ್ಲೂ ಚಕ್ರದ ವೇಗ ಉಳಿದಿರುವುದರಿಂದ ಮೊದಲ ಚೆಂಡೇ ಗುರಿ ದಾಟಿತು. ಹಾಗಾಗಿ ಚಕ್ರವನ್ನು 2600 ಆರ್‌ಪಿಎಂಗೆ ಇಳಿಸಿದೆ. ಡಿಸಿ ಮೋಟಾರ್ ತನ್ನ ಗರಿಷ್ಠ ವೇಗದ ಹತ್ತಿರ ಹೋದಷ್ಟೂ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಕಮ್ಮಿಯಾಗುತ್ತದೆ. ವೇಗ ಇಳಿಸಿದ್ದರಿಂದ ಕುಸಿದ ಚಕ್ರವನ್ನು ಮೇಲೆತ್ತಲು ಅದಕ್ಕೆ ಕಸುವು ಉಳಿಯಿತು. ನಿಂತ ಚಕ್ರ ಪೂರ್ತಿ ವೇಗಕ್ಕೆ ಬರಲು ಈಗ ಹೆಚ್ಚು ಹೊತ್ತು ಬೇಕು, ನಿಜ. ಚೆಂಡು ಹೆಕ್ಕುವಾಗಲೇ ತಿರುಗಿಸಲು ಶುರುಮಾಡಿದರೆ ಅದೇನೂ ತೊಂದರೆಯಲ್ಲ.

ಬಳೆ ಹಾಕುವವರು ಬ್ಯಾಲೆನ್ಸ್ ಮರೆಯಬಾರದು. ಅಂಚಿನಲ್ಲಿ 5 ಗ್ರಾಂ ಹೆಚ್ಚುಕಮ್ಮಿಯಿದ್ದರೂ ಆ ವೇಗದಲ್ಲಿ ಬೇರಿಂಗ್ ಮೇಲೆ ಸುಮಾರು 1.7 ಕೆ.ಜಿ.ಯಷ್ಟು ಎಳೆತ ಬೀಳುತ್ತದೆ, ಅದೂ ಸೆಕೆಂಡಿಗೆ 43 ಸಲ ದಿಕ್ಕು ಬದಲಿಸುತ್ತಾ. ಶಾಫ್ಟನ್ನು ಎರಡು ಸಮತಟ್ಟಾದ ಅಂಚುಗಳ ಮೇಲಿಟ್ಟು, ಭಾರದ ಕಡೆ ಕೆಳಗೆ ಬಂದು ನಿಂತಾಗ ಅಲ್ಲಿ ಸ್ವಲ್ಪ ಕೊರೆದೆ. ಅದುರಿದರೂ ಸಡಿಲವಾಗದ ನೈಲಾಕ್ ನಟ್, ಸುತ್ತ ಪಾಲಿಕಾರ್ಬೊನೇಟ್ ಕವಚ, ಕಣ್ಣಿಗೆ ಕನ್ನಡಕ: ಇವು ಬೇಕೇ ಬೇಕು.

ಮೂರನೇ ಚೆಂಡು ಗುರಿ ದಾಟುತ್ತಿದ್ದುದು ಪ್ರೋಗ್ರಾಂನ ಕಿತಾಪತಿ. ವೇಗವನ್ನು ಕಾಯುವ ಪಿಐಡಿ ಎಂಬ ನಿಯಂತ್ರಣ ಲೆಕ್ಕದಲ್ಲಿ, ಹಿಂದಿನ ಕೊರತೆಗಳನ್ನೆಲ್ಲ ಕೂಡಿಸುತ್ತಾ ಹೋಗುವ ಪಾಲು ಇಂಟಿಗ್ರಲ್. ವೇಗ ಕುಸಿದಾಗಲೆಲ್ಲ ಅದು ಬೆಳೆದು, ಚೇತರಿಸಿಕೊಂಡ ಮೇಲೂ ಚಕ್ರವನ್ನು ಮೇಲಕ್ಕೆ ತಳ್ಳುತ್ತಿತ್ತು. ಇಂಟಿಗ್ರಲ್ ತೆಗೆದೇ ಹಾಕಿದೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಕೆಂದು ಮೊದಲೇ ಅಳೆದು ಅದನ್ನೇ ಫೀಡ್‌ಫಾರ್ವರ್ಡ್ ಆಗಿ (ತಪ್ಪಿಗೆ ಕಾಯದೆ ಮುಂಚಿತವಾಗಿ) ಕೊಟ್ಟೆ, ಮೇಲೆ ತುಸು ಪ್ರಪೋರ್ಷನಲ್, ಅಂದರೆ ಆ ಕ್ಷಣದ ಕೊರತೆಗೆ ತಕ್ಕಷ್ಟು ತಿದ್ದುಪಡಿ. ಮೋಟಾರ್ ಬ್ರೇಕ್ ಮೋಡ್‌ನಲ್ಲಿರದೆ ಕೋಸ್ಟ್‌ನಲ್ಲಿರಬೇಕು, ಅಂದರೆ ವಿದ್ಯುತ್ ಇಲ್ಲದಾಗ ಚಕ್ರವನ್ನು ತಡೆಯದೆ ಸುಮ್ಮನೆ ತಿರುಗಲು ಬಿಡಬೇಕು. ಇಲ್ಲದಿದ್ದರೆ ಕಷ್ಟಪಟ್ಟು ತುಂಬಿಸಿದ ಶಕ್ತಿಯನ್ನು ಮೋಟಾರೇ ತಿಂದುಹಾಕುತ್ತದೆ.

ಇಷ್ಟಾದರೂ ಚೆಂಡುಗಳು ಎಡಬಲಕ್ಕೆ ಚದುರುತ್ತಿದ್ದವು. ಚೆಂಡಿಗೆ ಸೀಮೆಸುಣ್ಣದ ಚುಕ್ಕೆಗಳನ್ನಿಟ್ಟು ಹಾರಿಸಿ ಹುಡ್‌ನ ಒಳಮೈ ನೋಡಿದೆ. ಚೆಂಡು ಉರುಳಿದ್ದರೆ ಚುಕ್ಕೆ ಚುಕ್ಕೆಯಾಗಿಯೇ ಅಂಟಬೇಕು; ನನಗೆ ಕಂಡದ್ದು ಉದ್ದುದ್ದ ಗೀರು. ಜಾರುತ್ತಿದೆ! ಒಳಗೆ ರಬ್ಬರ್ ಹಾಳೆ ಅಂಟಿಸಿ, 70 ಮಿ.ಮೀ. ಚೆಂಡಿಗೆ 66 ಇದ್ದ ಸಂದಿಯನ್ನು 62ಕ್ಕೆ ತಂದೆ. ಇನ್ನೂ ಬಿಗಿ ಮಾಡಿದಾಗ ಫೋಮ್ ಹರಿದು ಚೂರಾಗತೊಡಗಿತು, ಕರೆಂಟ್ ಏರಿತು, ಅಲ್ಲಿಗೇ ನಿಲ್ಲಿಸಿದೆ.

ಕೊನೆಯದಾಗಿ, ಸಾಲಿನ ಮುಂದಿನ ಚೆಂಡು ಚಕ್ರಕ್ಕೆ ಒರಗಿ ನಿಲ್ಲದಂತೆ ಸರ್ವೋದ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಗೇಟ್ ಇಟ್ಟೆ. ಚಕ್ರದ ವೇಗ ಬೇಕಾದ ವೇಗಕ್ಕೆ ಶೇ. 2ರ ವ್ಯತ್ಯಾಸದೊಳಗೆ ಬರುವವರೆಗೆ ಅದು ತೆರೆಯುವುದಿಲ್ಲ. ಈಗ ಉಳಿದಿರುವ ವ್ಯತ್ಯಾಸವೆಲ್ಲ ಚೆಂಡುಗಳದ್ದೇ: ಸವೆದವು ಕಡಿಮೆ ದೂರ ಹೋಗುತ್ತವೆ. ಅವನ್ನು ವ್ಯಾಸ ಅಳೆದು ಬೇರೆ ಎತ್ತಿಟ್ಟಿದ್ದೇನೆ, ಗೇಟ್ ಪರೀಕ್ಷಿಸಲು ಅವೇ ಸಾಕು.